ಹತ್ತಕ್ಕೆ ಮೇಲೆ, ನಲವತ್ತಕ್ಕೆ ಕೆಳಗೆ

ಗುಮಾಸ್ತ ಅಕ್ಕ ತಂಗಿಯರನ್ನು ಹಿಂಬದಿಯ ಬೆಂಚಿನ ಮೇಲೆ ಕೂರಿಸಿ, ಅವರ ತಲೆಯ ಮೇಲಿದ್ದ ಫಲಕವನ್ನು ಬೆರಳಿನಲ್ಲಿ ತೋರಿಸಿ ಹೊರಟುಹೋದ. ‘ತಯಾರಕರು ಮಾತನಾಡಬಾರದು. ಪ್ರಶ್ನೆ ಕೇಳಿದರೆ ಮಾತ್ರ ಉತ್ತರಿಸಬೇಕು.’

ತಂಗಿ ಅದನ್ನು ಎರಡು ಸಲ ಓದಿದಳು. ಹುಟ್ಟಿದಂದಿನಿಂದ ಅವಳು ಎಚ್ಚರವಿದ್ದಾಗ ಎರಡು ಗಂಟೆ ಬಾಯಿ ಮುಚ್ಚಿ ಕೂತ ದಾಖಲೆ ಇರಲಿಲ್ಲ.

"ನಿನ್ನ ಕೈ ಇಲ್ಲಿ ಕೊಡು" ಎಂದಳು ಅಕ್ಕ ಪಿಸುದನಿಯಲ್ಲಿ. "ತುಟಿ ಅಲ್ಲಾಡಿದ್ರೆ ಚಿವುಟ್ತೀನಿ."

"ನೀನು ಮಾತ್ರ ಮಾತಾಡ್ತಿದ್ದೀಯಲ್ಲ?"

ಚಿವುಟಿದಳು.

ಪರೀಕ್ಷೆಗೆ ಬಂದಿದ್ದದ್ದು ಇವರಿಬ್ಬರೂ ಸೇರಿ ನಾಲ್ಕು ವರ್ಷ ಮಾಡಿದ ಗೇಮು. ಹೆಸರು ‘ನಾಲ್ವರು ಕೆಳಗೆ’. ನೀರು ತುಂಬಿದ ಹಳೆಯ ಶೀತಲಗೃಹವೊಂದರ ನೆಲಮಾಳಿಗೆಗೆ ನಾಲ್ಕು ಜನ ಇಳಿಯುತ್ತಾರೆ. ಕತ್ತಲಲ್ಲಿ ‘ತೇವದವರು’ ಎಂಬ ಜೀವಿಗಳಿವೆ. ಕೈಯಲ್ಲಿ ಬಂದೂಕಿದೆ, ಗುಂಡು ಕಡಿಮೆ. ಕೊನೆಯ ಬಾಗಿಲಿಗೆ ನಾಲ್ಕು ಹಿಡಿಕೆಗಳು. ನಾಲ್ಕನ್ನೂ ಒಟ್ಟಿಗೆ ಎಳೆದು ಹಿಡಿಯದೆ ಒಬ್ಬರೂ ಹೊರಗೆ ಬರುವಂತಿಲ್ಲ. ಪ್ರೋಗ್ರಾಮು ಬರೆದವಳು ಅಕ್ಕ, ಶಬ್ದ ಮಾಡಿದವಳು ತಂಗಿ.

ಗೇಮನ್ನು ಮಾರುಕಟ್ಟೆಗೆ ಬಿಡಲು ಒಪ್ಪಿದ್ದ ಕಂಪನಿ ಎರಡು ಷರತ್ತು ಹಾಕಿತ್ತು. ಡಬ್ಬಿಯ ಮೇಲೆ ‘ಭಯಾನಕ’ ಎಂದು ಅಚ್ಚಾಗಬೇಕು. ಪಕ್ಕದಲ್ಲಿ ‘ಹದಿನಾರು ವರ್ಷ ಮೇಲ್ಪಟ್ಟವರಿಗೆ’ ಎಂದಿರಬೇಕು. ಎರಡರಲ್ಲಿ ಒಂದು ತಪ್ಪಿದರೂ ಒಪ್ಪಂದವಿಲ್ಲ. ಇವೆರಡನ್ನೂ ತೀರ್ಮಾನಿಸುವುದು ಗೇಮುಗಳಿಗೆ ಪ್ರಮಾಣಪತ್ರ ಕೊಡುವ ಮಂಡಳಿಯ ಈ ಮೂರನೇ ಮಹಡಿಯ ಕೋಣೆ, ಅದರ ನಿಯಮವೋ ಬಹಳ ಸರಳ. ನಾಲ್ವರು ಸದಸ್ಯರು ಎರಡು ಗಂಟೆ ಆಡುತ್ತಾರೆ. ಕೈ ಆಟದಲ್ಲಿರುವುದರಿಂದ ಪ್ರತಿಯೊಬ್ಬರ ಕಾಲಡಿ, ಹೊಲಿಗೆ ಯಂತ್ರಕ್ಕಿರುವಂಥ ಒಂದು ಪೆಡಲ್. ಹೆದರಿದಾಗ ಒತ್ತಬೇಕು. ಒಬ್ಬರು ಒಂದು ಸಲ ಒತ್ತಿದರೆ ಗೋಡೆಯ ಮೇಲಿನ ಕೆಂಪು ಅಂಕಿ ಒಂದು ಏರುತ್ತದೆ. ಹತ್ತು ಮುಟ್ಟದಿದ್ದರೆ ‘ಭಯಾನಕ’ ಎಂದು ಹೇಳಿಕೊಳ್ಳುವುದು ಗ್ರಾಹಕರಿಗೆ ಮಾಡುವ ಮೋಸ, ಆ ಪದಕ್ಕೆ ಅನುಮತಿಯಿಲ್ಲ. ನಲವತ್ತು ಮುಟ್ಟಿದರೆ ‘ವಯಸ್ಕರಿಗೆ ಮಾತ್ರ’.

ಅಂದರೆ ಹತ್ತಕ್ಕೂ ಮೂವತ್ತೊಂಬತ್ತಕ್ಕೂ ನಡುವೆ ನಿಲ್ಲಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಹತ್ತೂವರೆಗೆ ಸದಸ್ಯರು ಬಂದರು. ಅಧ್ಯಕ್ಷೆ ನಿವೃತ್ತ ಮುಖ್ಯೋಪಾಧ್ಯಾಯಿನಿ, ಎಲ್ಲರಿಗೂ ‘ಮೇಡಂ’. ಕಾನೂನಿನ ಕಡೆಯಿಂದ ಒಬ್ಬ ವಕೀಲರು. ಪೋಷಕರ ಪ್ರತಿನಿಧಿಯಾಗಿ ಬೇಕರಿ ನಡೆಸುವ ಒಬ್ಬಾಕೆ, ಮೂರು ಮಕ್ಕಳ ತಾಯಿ. ನಾಲ್ಕನೆಯವರು ಡಾಕ್ಟರು. ಸದಸ್ಯರಲ್ಲೊಬ್ಬರು ವೈದ್ಯರಾಗಿರಬೇಕು ಎಂದು ನಿಯಮ ಹೇಳುತ್ತಿತ್ತು, ಯಾವ ವೈದ್ಯರು ಎಂದು ಹೇಳಿರಲಿಲ್ಲ. ಇವರು ಹಲ್ಲಿನ ಡಾಕ್ಟರು.

ಗಾಲಿ ಕುರ್ಚಿಗಳ ಮೇಲೆ ಸಾಲಾಗಿ ಕೂತರು. ಪ್ರತಿಯೊಬ್ಬರೆದುರು ಒಂದೊಂದು ಪರದೆ. ಶುರುವಿನಲ್ಲಿ ಬರುವ ‘ಷರತ್ತುಗಳಿಗೆ ಒಪ್ಪಿದ್ದೇನೆ’ ಎಂಬಲ್ಲಿ ಮೂವರು ಗುಂಡಿ ಒತ್ತಿ ಕಾದರು. ವಕೀಲರು ಒತ್ತಲಿಲ್ಲ, ಓದತೊಡಗಿದರು. ಮೊದಲನೇ ಷರತ್ತಿನಿಂದ ಓದತೊಡಗಿದರು.

"ಇದನ್ನ ಓದಿದವರು ಭೂಮಿ ಮೇಲೆ ಇವರೊಬ್ರೇ" ಎಂದಳು ತಂಗಿ ಉಸಿರಿನಲ್ಲಿ.

ಆರು ನಿಮಿಷದ ನಂತರ ವಕೀಲರು ಹಿಂದಕ್ಕೆ ತಿರುಗಿದರು. "ಇಪ್ಪತ್ಮೂರನೇ ಷರತ್ತಲ್ಲಿ ‘ಹಡಗಿನಲ್ಲಿರುವ ಇತರ ಪ್ರಯಾಣಿಕರು’ ಅಂತಿದೆ. ಹಡಗು ಎಲ್ಲಿದೆ?"

ಪ್ರಶ್ನೆ ಕೇಳಿದ್ದರಿಂದ ಉತ್ತರಿಸಬೇಕು. ಅಕ್ಕ ಎದ್ದು ನಿಂತಳು. ಕಿವಿಯ ತನಕ ಕೆಂಪಗಾಗಿದ್ದಳು. "ಹಡಗು ಇಲ್ಲ ಸಾರ್. ಅದು... ಬೇರೆ ಗೇಮಿನ ಷರತ್ತು ನೋಡಿ ಬರೆದದ್ದು."

"ನೋಡಿ ಬರೆದದ್ದು" ಎಂದರು ಮೇಡಂ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ದನಿಯದು. ಅಕ್ಕ ಕುಸಿದು ಕೂತಳು. ಈಗ ಚಿವುಟುವ ಸರದಿ ತಂಗಿಯದಾಗಿತ್ತು. ಚಿವುಟಿದಳು.

ಆಟ ಶುರುವಾಯಿತು. "ಎಲ್ಲರೂ ಇದ್ದೀರಾ?" ಎಂದರು ಮೇಡಂ. ಮೂವರೂ ಇದ್ದೇವೆಂದರು. ನಾಲ್ವರೂ ಸಾಲಾಗಿ ಮೆಟ್ಟಿಲಿಳಿದರು. ಕೆಳಗಿನ ಮೊದಲ ಬಾಗಿಲ ಹಿಂದಿನಿಂದ ತೇವದವನೊಬ್ಬ ಕೈಚಾಚಿ ಬಂದ. ಬೇಕರಿಯಾಕೆ "ಅಯ್ಯಮ್ಮಾ!" ಎಂದು ಪೆಡಲ್ ಒತ್ತಿದಳು. ಗೋಡೆಯ ಮೇಲೆ ಒಂದು ಮೂಡಿತು.

ಬೆಂಚಿನ ಮೇಲೆ ಅಕ್ಕ ತಂಗಿಯರು ಒಬ್ಬರ ಕೈಯನ್ನೊಬ್ಬರು ಒತ್ತಿಕೊಂಡರು. ಅಷ್ಟರಲ್ಲಿ ನಾಲ್ವರೂ ಕಂಟ್ರೋಲರನ್ನು ಮೇಜಿನ ಮೇಲಿಟ್ಟು ಪೆನ್ನು ತೆಗೆದರು.

ಪ್ರತಿ ಹೆದರಿಕೆಗೂ ನಮೂನೆಯಲ್ಲಿ ಒಂದು ಸಾಲು ತುಂಬಬೇಕು: ಹೊತ್ತು, ಕಾರಣ, ತೀವ್ರತೆ, ನಾಲ್ಕು ಸಹಿ. ಈ ಕೋಣೆಯಲ್ಲಿ ಅದುವರೆಗೆ ಪರೀಕ್ಷೆಯಾದ ಗೇಮುಗಳನ್ನೆಲ್ಲ ನಡುವೆ ನಿಲ್ಲಿಸಬಹುದಿತ್ತು. ನಾಲ್ವರು ಕೂಡಿ ಆಡುವ ಗೇಮು ನಿಲ್ಲುವುದಿಲ್ಲ.

"ಹತ್ತು ನಲವತ್ತೆಂಟು" ಎಂದರು ಮೇಡಂ. "ಕಾರಣ?"

"ಬಾಗಿಲ ಹಿಂದಿಂದ ಒದ್ದೆ ಮನುಷ್ಯ ಬಂದ" ಎಂದಳು ಬೇಕರಿಯಾಕೆ.

"ಮನುಷ್ಯ ಅಂತ ಬರೆಯೋಕಾಗಲ್ಲ" ಎಂದರು ವಕೀಲರು. "ಮನುಷ್ಯ ಅಂತ ಎಲ್ಲೂ ಸಾಬೀತಾಗಿಲ್ಲ."

"ಒದ್ದೆ ಆಕೃತಿ?"

"ಆಕೃತಿ ಆಗ್ಬಹುದು."

ಡಾಕ್ಟರು ಸಹಿ ಹಾಕಿ ತಲೆಯೆತ್ತಿದರು. "ಅರೆ. ನಾವು ಸತ್ತುಹೋಗಿದ್ದೀವಿ."

"ಯಾವಾಗ?"

"ಸಹಿ ಮಾಡೋವಾಗ."

ನಾಲ್ಕೂ ಪರದೆ ಕೆಂಪಗಿದ್ದವು. ಮತ್ತೆ ಮೊದಲಿನಿಂದ ಮೆಟ್ಟಿಲಿಳಿದರು. ಈ ಸಲ ವಕೀಲರು ಗಾಬರಿಯಲ್ಲಿ ಗುಂಡು ಹಾರಿಸಿದರು, ಅದು ಮುಂದಿದ್ದ ಮೇಡಂ ಬೆನ್ನಿಗೆ ಬಿತ್ತು.

"ವಕೀಲ್ರೇ, ಹೊಡೆದಿದ್ದು ನನಗೆ."

"ಉದ್ದೇಶ ಇರ್ಲಿಲ್ಲ ಮೇಡಂ."

"ಎರಡನೇ ಗುಂಡು?"

"ಅದಕ್ಕೂ ಇರ್ಲಿಲ್ಲ."

ಬೇಕರಿಯಾಕೆ ಕಿಸಕ್ಕನೆ ನಕ್ಕಳು. ಗಾಂಭೀರ್ಯದ ಅಣೆಕಟ್ಟಿನಲ್ಲಿ ಬಿದ್ದ ಮೊದಲ ಬಿರುಕು ಅದು. ನಾಲ್ಕನೇ ಸಲ ಸತ್ತಾಗ ವಕೀಲರು ನಕ್ಕರು. ಆರನೇ ಸಲ ತೇವದವನು ಡಾಕ್ಟರನ್ನು ಹಿಡಿದು, ಪರದೆಯ ತುಂಬ ಬಾಯಿ ತೆರೆದು, ತಂಗಿ ಮೂರು ವಾರ ಕೂತು ಮಾಡಿದ ಕಿರುಚು ಕಿರುಚಿದ. ಡಾಕ್ಟರು ಪೆಡಲ್ ಮುಟ್ಟಲಿಲ್ಲ. ಪರದೆಯತ್ತ ಬಾಗಿ, "ಕೋರೆಹಲ್ಲು ಇರಬೇಕಾದ ಜಾಗದಲ್ಲಿ ದವಡೆಹಲ್ಲು ಕೂರಿಸಿದ್ದಾರೆ ನೋಡಿ. ಪಾಪ, ಇವನು ಕಚ್ಚೋದು ಹೇಗೆ?" ಎಂದರು. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅತ್ತದ್ದಲ್ಲ.

ಹನ್ನೊಂದೂವರೆಗೆ ಒಂಬತ್ತು ಸಲ ಸತ್ತಿದ್ದರು. ಎಲ್ಲ ಸಲವೂ ಅದೇ ಬಾಗಿಲ ಬಳಿ, ನಾಲ್ಕು ಸಲ ಪೆನ್ನು ಹಿಡಿದುಕೊಂಡು. ಗೋಡೆಯ ಮೇಲಿನ ಅಂಕಿ ನಾಲ್ಕು.

ಅವರು ಯಾಕೆ ಹೆದರುತ್ತಿಲ್ಲ ಎಂಬುದು ತಂಗಿಗೆ ಮೊದಲ ಹತ್ತು ನಿಮಿಷದಲ್ಲೇ ಹೊಳೆದಿತ್ತು. ನಾಲ್ಕು ಹೆಡ್‌ಫೋನೂ ನಾಲ್ಕು ಕುರ್ಚಿಗಳ ತೋಳಿಗೆ ನೇತುಬಿದ್ದಿದ್ದವು. ಸದಸ್ಯರಿಗೆ ಪರಸ್ಪರ ಮಾತು ಕೇಳಿಸುತ್ತಿರಬೇಕೆಂಬ ನಿಯಮವಿತ್ತು, ಅದಕ್ಕೇ ಯಾರೂ ಹಾಕಿಕೊಂಡಿರಲಿಲ್ಲ. ಗೇಮಿನ ಸದ್ದೆಲ್ಲ ಆ ಎಂಟು ಬಟ್ಟಲುಗಳೊಳಗೆ ಯಾರಿಗೂ ಬೇಡವಾಗಿ ಹರಿದುಹೋಗುತ್ತಿತ್ತು. ಬಚ್ಚಲಲ್ಲಿ ಒದ್ದೆ ಕಂಬಳಿ ಎಳೆದೆಳೆದು ಮಾಡಿದ ಹೆಜ್ಜೆ, ಎಲೆಕೋಸಿನ ದಂಟು ಮುರಿದು ಮಾಡಿದ ಮೂಳೆ, ಅಕ್ಕನಿಗೆ ನೆಗಡಿಯಾದಾಗ ಕದ್ದು ಹಿಡಿದಿಟ್ಟ ಉಸಿರು, ಎಲ್ಲ ನೀರಲ್ಲಿಟ್ಟ ಹೋಮ.

"ಹೆಡ್‌ಫೋನು!" ಎಂದು ಪಿಸುಗುಟ್ಟಿದಳು. "ಹೇಳ್ಬಿಡ್ತೀನಿ ಕಣೇ."

"ಹೇಳಿದ್ರೆ ಪರೀಕ್ಷೆನೇ ರದ್ದು. ಸುಮ್ನಿರು."

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನೋಡ್ತಾ ಕೂತಿರ್ಬೇಕಾ?"

"ಕೂತಿರು. ಅವರೇ ಏನಾದ್ರೂ ಕೇಳ್ತಾರೆ."

ಕೇಳಿದವರು ಡಾಕ್ಟರು. ಹತ್ತನೇ ಸಲ ಮೆಟ್ಟಿಲಿಳಿಯುವ ಮುಂಚೆ ಕುರ್ಚಿಯನ್ನು ತಿರುಗಿಸಿ, "ಅಲ್ಲಮ್ಮಾ, ಇವನು ಬರ್ತಾನೆ ಅನ್ನೋದಕ್ಕೆ ಮುಂಚೆ ಏನೂ ಸೂಚನೆನೇ ಇರಲ್ವಾ?" ಎಂದರು.

ತಂಗಿ ಬೆಂಚಿನಿಂದ ಪುಟಿದೆದ್ದಳು. "ಇರುತ್ತೆ ಸಾರ್. ಕೇಳಿಸುತ್ತೆ."

ಅಷ್ಟೇ. ಅದಕ್ಕಿಂತ ಒಂದಕ್ಷರ ಹೆಚ್ಚಿಗೆ ಹೇಳಲಿಲ್ಲ. ಅಷ್ಟಕ್ಕೇ ನಿಲ್ಲಿಸಲು ಅವಳಿಗೆ ಎಷ್ಟು ಕಷ್ಟವಾಯಿತೆಂದು ಅಕ್ಕನಿಗೊಬ್ಬಳಿಗೇ ಗೊತ್ತು.

ಡಾಕ್ಟರು ಕುರ್ಚಿಯ ತೋಳು ನೋಡಿದರು. ವಕೀಲರು ನಿಯಮದ ಪುಸ್ತಕ ತೆರೆದರು. ಹೆಡ್‌ಫೋನಿನಲ್ಲಿ ಮೈಕ್ ಇದೆ, ಒಬ್ಬರ ಮಾತು ಇನ್ನೊಬ್ಬರಿಗೆ ಅದರೊಳಗೇ ಕೇಳುತ್ತದೆ, ಆದ್ದರಿಂದ ಹಾಕಿಕೊಂಡರೂ ನಿಯಮ ಮುರಿದಂತಲ್ಲ ಎಂದು ಅಭಿಪ್ರಾಯ ಕೊಟ್ಟರು. ಬೇಕರಿಯಾಕೆ ಇನ್ನೊಂದು ಮಾತು ಸೇರಿಸಿದಳು: "ಮೇಡಂ, ಒತ್ತಿದ ಹೊತ್ತನ್ನ ಯಂತ್ರವೇ ಬರ್ಕೊಳ್ಳುತ್ತಲ್ಲ? ಕಾರಣ ಎಲ್ಲ ಕೊನೇಲಿ ತುಂಬೋಣ. ಇನ್ನೊಂದು ಸಹಿಗೋಸ್ಕರ ಸಾಯೋಕೆ ನಾನಂತೂ ರೆಡಿ ಇಲ್ಲ."

"ಆಗ್ಲಿ" ಎಂದರು ಮೇಡಂ. ನಾಲ್ವರೂ ಹೆಡ್‌ಫೋನ್ ಹಾಕಿಕೊಂಡರು.

ಆ ಬಳಿಕ ಕೋಣೆಯಲ್ಲಿ ನಡೆದದ್ದನ್ನು ಗಡಿಯಾರದ ಪ್ರಕಾರ ಹೇಳುವುದೇ ಒಳ್ಳೆಯದು. ಹನ್ನೊಂದು ಮೂವತ್ತೇಳಕ್ಕೆ ಡಾಕ್ಟರ ಎಡಗಿವಿಯ ಹಿಂದೆ ಒದ್ದೆ ಕಂಬಳಿ ಒಂದು ಹೆಜ್ಜೆ ಇಟ್ಟಿತು. ಪರದೆಯಲ್ಲಿ ಏನೂ ಇರಲಿಲ್ಲ. ಡಾಕ್ಟರು ಕುರ್ಚಿಯಲ್ಲೇ ತಿರುಗಿ ಹಿಂದಿನ ಗೋಡೆ ನೋಡಿದರು, ಪೆಡಲ್ ಒತ್ತಿದರು, ಇನ್ನೊಮ್ಮೆ ನೋಡಿದರು, ಇನ್ನೊಮ್ಮೆ ಒತ್ತಿದರು. ಹನ್ನೊಂದು ನಲವತ್ತೆರಡಕ್ಕೆ ಅಂಕಿ ಹತ್ತಾಯಿತು. ಅಕ್ಕ ತಂಗಿ ಬೆಂಚಿನ ಮೇಲೆ ಸದ್ದಿಲ್ಲದೆ ಕುಣಿದರು. ಕೂತಲ್ಲೇ, ಸೊಂಟದಿಂದ ಮೇಲೆ ಮಾತ್ರ.

"ಭಯಾನಕ!" ಎಂದಳು ತಂಗಿ ಅಕ್ಕನ ಕಿವಿಯಲ್ಲಿ. "ಡಬ್ಬಿ ಮೇಲೆ ಬಂತು!"

ಹನ್ನೊಂದು ಐವತ್ತಕ್ಕೆ ವಕೀಲರು ಒಂದು ಕಬ್ಬಿಣದ ಕಪಾಟಿನೊಳಗೆ ಹೊಕ್ಕು ಬಾಗಿಲೆಳೆದುಕೊಂಡರು. "ನಾನಿಲ್ಲೇ ಇರ್ತೀನಿ. ನೀವು ಮುಂದುವರಿಸಿ."

"ನಾಲ್ಕು ಜನವೂ ಬೇಕು ರೀ, ಬನ್ನಿ!"

"ಪ್ರತಿನಿಧಿ ಕಳಿಸ್ಬಹುದಾ?"

"ವಕೀಲ್ರೇ, ನಿಮ್ಮ ಕಪಾಟಲ್ಲಿ ಯಾರೋ ಉಸಿರಾಡ್ತಿದ್ದಾರೆ" ಎಂದಳು ಬೇಕರಿಯಾಕೆ.

"ಅದು ನಾನೇ."

"ಇಬ್ಬರು ಉಸಿರಾಡ್ತಿದ್ದಾರೆ."

ಅಕ್ಕನ ನೆಗಡಿಯ ಉಸಿರು. ವಕೀಲರು ಮೂರು ಸಲ ಒತ್ತಿ, ಕಪಾಟು ಬಿಟ್ಟು, ಎಲ್ಲರಿಗಿಂತ ಮುಂದೆ ಓಡಿದರು. ಹಿಂದೆ ಬಿದ್ದ ಮೂವರಿಗೆ ನಗು ತಡೆಯಲಾಗಲಿಲ್ಲ. ನಗುನಗುತ್ತಲೇ ಮುಂದಿನ ತಿರುವಿಗೆ ಬಂದರು, ಅಲ್ಲಿ ಹೆದರಿದರು, ಹೆದರಿದ್ದಕ್ಕೆ ಮತ್ತೆ ನಕ್ಕರು. ಮೇಡಂ ಒಬ್ಬರೇ ನೆಟ್ಟಗೆ ನಡೆಯುತ್ತಿದ್ದರು. ಕತ್ತಲ ಮೂಲೆಯಲ್ಲಿ ಸರಸರ ಸದ್ದಾದಾಗ, "ಯಾರದು ಅಲ್ಲಿ? ಮುಂದೆ ಬಾ!" ಎಂದು ಗದರಿದರು. ಮುಂದೆ ಬಂತು. ಮೇಡಂ ಪೆಡಲನ್ನು ಒತ್ತಿದ ಹೊಡೆತಕ್ಕೆ ಮೇಜಿನ ಮೇಲಿದ್ದ ಪೆನ್ನುಗಳು ಉರುಳಿದವು.

ಹತ್ತೊಂಬತ್ತು. ಇಪ್ಪತ್ತಾರು. ಹನ್ನೆರಡು ಗಂಟೆ ಐದು ನಿಮಿಷಕ್ಕೆ ಮೂವತ್ತೊಂದು.

ಬೆಂಚಿನ ಮೇಲಿನ ಕುಣಿತ ಯಾವಾಗ ನಿಂತಿತೋ ಇಬ್ಬರಿಗೂ ತಿಳಿಯಲಿಲ್ಲ. ಒಂದು ಗಂಟೆಯ ಹಿಂದೆ ‘ಒತ್ತಿ, ಒತ್ತಿ’ ಎಂದು ಮನಸ್ಸಿನಲ್ಲೇ ಬೇಡುತ್ತಿದ್ದವರು ಈಗ ‘ಸಾಕು, ಸಾಕು’ ಎನ್ನುತ್ತಿದ್ದರು. ಅತ್ತ ದರಿ, ಇತ್ತ ಪುಲಿ.

"ಈ ಡಾಕ್ಟರಪ್ಪ ಯಾಕೆ ಹೀಗೆ ಹೆದರ್ತಾರೆ?" ಎಂದು ಅಕ್ಕ ಹಲ್ಲು ಕಚ್ಚಿದಳು. "ಈಗ ಬಿದ್ದದ್ದು ಬರೀ ನೀರಿನ ಹನಿ!"

"ಒಳ್ಳೇ ಹನಿ ಅದು" ಎಂದಳು ತಂಗಿ. ಹೆದರಿಕೆಯ ನಡುವೆಯೂ ಅವಳಿಗೆ ಹೆಮ್ಮೆ.

ಹನ್ನೆರಡು ಇಪ್ಪತ್ತೊಂದಕ್ಕೆ ನಾಲ್ವರೂ ಕೊನೆಯ ಬಾಗಿಲಿಗೆ ಬಂದು ಮುಟ್ಟಿದರು. ಅಂಕಿ ಮೂವತ್ತೊಂಬತ್ತು.

ಅಕ್ಕ ತಂಗಿಯ ಕೈಯನ್ನು ಎರಡೂ ಕೈಯಿಂದ ಹಿಡಿದಳು. "ಈ ಬಾಗಿಲ ಹತ್ರ ನಿನ್ನ ಆ ದನಿ ಬರುತ್ತಲ್ಲ. ಎಷ್ಟು ಜನ ಹೆದರ್ತಾರೆ?"

"ನಾಲ್ಕೂ ಜನ."

"ಒಬ್ಬರಾದ್ರೂ ಹೆದರದೆ ಉಳಿಯಲ್ವಾ?"

"ಇಲ್ಲಿವರೆಗೆ ಯಾರೂ ಉಳಿದಿಲ್ಲ."

"ತೆಗೆದುಹಾಕು ಅಂತ ಬಡ್ಕೊಂಡೆ ನಾನು."

ಅದೊಂದಕ್ಕೆ ತಂಗಿ ನಾಲ್ಕು ತಿಂಗಳು ಕೊಟ್ಟಿದ್ದಳು. ಆಟಗಾರರು ಒಬ್ಬರಿಗೊಬ್ಬರು ಆಡಿದ ಮಾತನ್ನು ಗೇಮು ಗುಟ್ಟಾಗಿ ಹಿಡಿದಿಟ್ಟುಕೊಂಡು, ಕೊನೆಯ ಬಾಗಿಲ ಬಳಿ, ಹಿಂದಿನ ಕತ್ತಲಿನಿಂದ, ಅವರದೇ ದನಿಯಲ್ಲಿ ಮರಳಿಸುತ್ತಿತ್ತು. ಅವಳು ಮಾಡಿದ್ದರಲ್ಲೆಲ್ಲ ಶ್ರೇಷ್ಠವಾದದ್ದು ಅದು. ಯಾರೂ ಅದನ್ನು ಕೇಳದಿರಲಿ ಎಂದು ಆಸೆಪಡಬೇಕಾಗಿ ಬಂದದ್ದು ಇದೇ ಮೊದಲು. ಆಸೆಪಡಲು ಹೋದಳು, ಆಗಲಿಲ್ಲ. ಕೇಳಲಿ ಎಂದೇ ಮನಸ್ಸು ಹಟ ಹಿಡಿದಿತ್ತು.

ನಾಲ್ವರೂ ತಮ್ಮತಮ್ಮ ಹಿಡಿಕೆ ಹಿಡಿದರು. "ಮೂರು ಎಣಿಸೋ ತನಕ ಬಿಡಬೇಡಿ" ಎಂದರು ವಕೀಲರು. ಬಾಗಿಲು ಕಿರುಗುಟ್ಟತೊಡಗಿತು. ಹಿಂದಿನ ನೀರು ನಿಶ್ಶಬ್ದವಾಯಿತು.

"ಎಲ್ಲರೂ ಇದ್ದೀರಾ?"

"ಇದ್ದೀವಿ ಮೇಡಂ" ಎಂದಳು ಬೇಕರಿಯಾಕೆ.

"ಕೇಳಿದ್ದು ನಾನಲ್ಲ" ಎಂದರು ಮೇಡಂ.

ನಾಲ್ಕು ಗಂಟಲುಗಳಿಂದ ಒಂದೇ ಕೂಗು ಹೊರಟಿತು. ಡಾಕ್ಟರು ಎರಡೂ ಕಾಲನ್ನು ಕುರ್ಚಿಯ ಮೇಲಕ್ಕೆಳೆದುಕೊಂಡು ಮುದ್ದೆಯಾದರು. ಬೇಕರಿಯಾಕೆ ಮೊಣಕಾಲನ್ನು ಗಲ್ಲಕ್ಕೆ ಸೇರಿಸಿಕೊಂಡಳು. ವಕೀಲರ ಕುರ್ಚಿ ಹಿಂದಕ್ಕೆ ಉರುಳಿ ಉರುಳಿ ಬೆಂಚಿಗೆ ಬಂದು ಡಿಕ್ಕಿ ಹೊಡೆಯಿತು. ಅವರ ಬೂಟು ಗಾಳಿಯಲ್ಲಿತ್ತು. ಮೇಡಂ, ಮೂವತ್ತು ವರ್ಷ ಒಂದು ಶಾಲೆಯನ್ನೇ ನಡುಗಿಸಿದ ಮೇಡಂ, ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕೂಗುತ್ತಿದ್ದರು. ಆದರೆ ಕಂಟ್ರೋಲರನ್ನು ಒಬ್ಬರೂ ಬಿಟ್ಟಿರಲಿಲ್ಲ. ಹೆದರಿದ ಬೆರಳುಗಳು ಗುಂಡಿಗಳ ಮೇಲೆ ಮೊಳೆ ಹೊಡೆದಂತೆ ಕೂತಿದ್ದವು. ನಾಲ್ಕು ಹಿಡಿಕೆಯೂ ಎಳೆದಂತೆಯೇ ಇದ್ದವು. ಮೂರು ಎಣಿಸುವಷ್ಟು ಹೊತ್ತು ಕಳೆಯಿತು. ಬಾಗಿಲು ತೆರೆಯಿತು. ಪರದೆಗಳು ಬೆಳ್ಳಗಾದವು.

ಕೂಗು ನಗುವಾಗಿ ತಿರುಗಿತು. ಹೊಟ್ಟೆ ಹಿಡಿದುಕೊಂಡು ನಕ್ಕರು. ಬೆಂಚಿನ ಮೇಲೆ ಮಾತ್ರ ಇಬ್ಬರೂ ಕಣ್ಣು ಮುಚ್ಚಿದ್ದರು.

"ನೋಡು" ಎಂದಳು ಅಕ್ಕ.

"ನೀನೇ ನೋಡು."

ಇಬ್ಬರೂ ನೋಡಿದರು. ಮೂವತ್ತೊಂಬತ್ತು.

ಪೆಡಲ್ ಒತ್ತಲು ನೆಲದ ಮೇಲೆ ಒಂದು ಕಾಲೂ ಇರಲಿಲ್ಲ.

ನಗು ತಣ್ಣಗಾದ ಮೇಲೆ ಮೇಡಂ ಸೀರೆ ಸರಿಮಾಡಿಕೊಂಡು ಕಾಲು ಕೆಳಗಿಳಿಸಿದರು. ಅಂಕಿ ನೋಡಿದರು. ಹುಬ್ಬು ಗಂಟಿಕ್ಕಿತು.

"ಇದು ಸರಿ ಇಲ್ಲ. ಈಗ ನಾನು ಹೆದರಿದೆ."

"ನಾನೂ" ಎಂದರು ಡಾಕ್ಟರು. "ಇವತ್ತಿನದರಲ್ಲೆಲ್ಲ ದೊಡ್ಡದು ಇದೇ."

"ಏಳನೇ ನಿಯಮ" ಎಂದರು ವಕೀಲರು, ಕುರ್ಚಿಯನ್ನು ಬೆಂಚಿನ ಬಳಿಯಿಂದ ತಳ್ಳಿಕೊಂಡು ಹೋಗುತ್ತಾ. "‘ಪೆಡಲ್ ಒತ್ತಿದ ಸಂಖ್ಯೆ.’ ಹೆದರಿದ ಸಂಖ್ಯೆ ಅಂತಿಲ್ಲ."

ಮೇಡಂ ಹಿಂದಕ್ಕೆ ತಿರುಗಿದರು. ನೋಟ ನೇರ ತಂಗಿಯ ಮೇಲೆ ಬಿತ್ತು. "ನೀವು ಅಲ್ಲಿಂದ ನೋಡ್ತಿದ್ರಿ. ನಿಮ್ಗೇನನ್ನಿಸ್ತು? ನಾವು ಹೆದರಿದ್ವಾ?"

ಪ್ರಶ್ನೆ ಕೇಳಿಯಾಗಿತ್ತು. ಅಕ್ಕನ ಉಗುರು ತಂಗಿಯ ಅಂಗೈಗೆ ಇಳಿಯಿತು. ಗೊತ್ತಾಗಲಿಲ್ಲ ಮೇಡಂ ಎಂದರೆ ಮುಗಿಯುತ್ತಿತ್ತು, ನಾಲ್ಕು ವರ್ಷ ದಡ ಸೇರುತ್ತಿತ್ತು. ತಂಗಿ ಆ ಮಾತನ್ನು ನಾಲಗೆಯ ಮೇಲೆ ಇಟ್ಟುಕೊಂಡೂ ನೋಡಿದಳು. ಅದು ಹೊರಡಲಿಲ್ಲ. ತನ್ನ ಅತ್ಯುತ್ತಮ ಕೆಲಸ ಯಾರನ್ನೂ ಹೆದರಿಸಲಿಲ್ಲ ಎಂದು ತಾನೇ ಸಾಕ್ಷಿ ಹೇಳುವುದುಂಟೇ?

"ನಾಲ್ಕೂ ಜನ ಹೆದರಿದ್ರಿ ಮೇಡಂ" ಎಂದಳು. "ಭರ್ಜರಿಯಾಗಿ ಹೆದರಿದ್ರಿ. ನೀವಂತೂ ಎಲ್ಲರಿಗಿಂತ ಜಾಸ್ತಿ."

ಅಕ್ಕ ಮುಖ ಮುಚ್ಚಿಕೊಂಡಳು.

ಮೇಡಂ ಕನ್ನಡಕ ಸರಿಮಾಡಿಕೊಂಡರು. "ಬಾಗಿಲ ಹತ್ರ ಬಂದದ್ದು ನನ್ನ ದನಿನೇನಾ?"

"ಹೂಂ ಮೇಡಂ. ಮೊದಲನೇ ಸಲ ಮೆಟ್ಟಿಲಿಳಿಯೋ ಮುಂಚೆ ನೀವು ಕೇಳಿದ್ದು, ಕುರ್ಚಿಗೆ ನೇತುಬಿದ್ದಿದ್ದ ಮೈಕಿಗೆ ಸಿಕ್ತು. ನಂದೇನೂ ಸೇರಿಸಿಲ್ಲ. ಸ್ವಲ್ಪ ಒದ್ದೆ ಮಾಡಿದೆ ಅಷ್ಟೆ."

"ಒದ್ದೆ ಮಾಡಿದೆ" ಎಂದು ಮೇಡಂ ತಮ್ಮಷ್ಟಕ್ಕೇ ಹೇಳಿಕೊಂಡರು. ನಮೂನೆಯನ್ನು ಹತ್ತಿರಕ್ಕೆಳೆದುಕೊಂಡರು. "ಹೆದರಿದ್ದು ನಿಜ. ಒತ್ತದೇ ಇದ್ದದ್ದೂ ನಿಜ. ಚೌಕದಲ್ಲಿ ಕೇಳಿರೋದು ಎರಡನೇದು. ಅಲ್ಲಿ ಅದನ್ನೇ ಬರೀತೀನಿ. ಮೊದಲನೇದಕ್ಕೆ ಕೆಳಗೆ ಷರಾ ಅಂತ ಜಾಗ ಇದೆ."

ಚೌಕದಲ್ಲಿ ಮೂವತ್ತೊಂಬತ್ತು ಎಂದು ಬರೆದರು. ಷರಾದ ಜಾಗದಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿದರು: "ಕೊನೆಯ ಘಟನೆಯಲ್ಲಿ ಸದಸ್ಯರ ಕಾಲುಗಳು ನೆಲದ ಮೇಲಿಲ್ಲದ ಕಾರಣ ಎಣಿಕೆ ಸಾಧ್ಯವಾಗಲಿಲ್ಲ." ವಕೀಲರು ‘ಎಂಟೂ’ ಎಂದು ಸೇರಿಸಬೇಕೆಂದರು. ‘ಎಂಟೂ ಕಾಲುಗಳು’ ಎಂದಾಯಿತು. ನಾಲ್ಕು ಸಹಿ ಬಿದ್ದವು. ಭಯಾನಕ, ಹದಿನಾರು.

ಅಕ್ಕ ತಂಗಿಯರನ್ನು ಗುಮಾಸ್ತ ಹೊರಗೆ ಬಿಟ್ಟ. ಬಾಗಿಲು ಮುಚ್ಚಿದ ಕೂಡಲೇ ಅಕ್ಕ ತಂಗಿಯ ಬೆನ್ನಿಗೊಂದು ಗುದ್ದಿದಳು, ಮರುಕ್ಷಣ ಅದೇ ಬೆನ್ನನ್ನು ತಬ್ಬಿದಳು. ಇಬ್ಬರೂ ಗೋಡೆಗೊರಗಿ ಜಾರುತ್ತಾ ನೆಲಕ್ಕೆ ಕೂತು ನಕ್ಕರು. ಎರಡು ಗಂಟೆ ಅದುಮಿಟ್ಟಿದ್ದ ನಗು, ಬೇಗ ಮುಗಿಯುವಂಥದ್ದಲ್ಲ.

ತಂಗಿ ಕಂಪನಿಗೆ ಫೋನ್ ಮಾಡಿದಳು. ಆ ಕಡೆಯವರು ಹಲೋ ಎಂದರೂ ಇವಳ ಬಾಯಿಂದ ಮಾತೇ ಬರಲಿಲ್ಲ, ಬರೀ ಬಿಕ್ಕಳಿಕೆ.

"ಅಯ್ಯೋ, ಅಳ್ಬೇಡಿಮ್ಮಾ" ಎಂದಿತು ಫೋನು. "ಮುಂದಿನ ಸಲ ಆಗುತ್ತೆ."

ಅಕ್ಕ ಫೋನು ಕಿತ್ತುಕೊಂಡಳು. ಕಣ್ಣೊರೆಸಿಕೊಂಡು, ಗಂಟಲು ಸರಿಮಾಡಿಕೊಂಡು, "ಎರಡೂ ಸಿಕ್ತು ಸಾರ್" ಎನ್ನುವಷ್ಟರಲ್ಲಿ ಮುಚ್ಚಿದ ಬಾಗಿಲ ಹಿಂದಿನಿಂದ ಡಾಕ್ಟರ ಕಿರುಚಾಟ ಕೇಳಿತು. ಅದರ ಬೆನ್ನಿಗೇ ಮೇಡಂ ದನಿ: "ವಕೀಲ್ರೇ, ಕಪಾಟಿಂದ ಹೊರಗೆ ಬನ್ನಿ!"

"ಅದೇನ್ರೀ ಗಲಾಟೆ?" ಎಂದಿತು ಫೋನು. "ಪರೀಕ್ಷೆ ಇನ್ನೂ ಮುಗಿದಿಲ್ವಾ?"

"ಮುಗೀತು ಸಾರ್. ಇದು ಊಟದ ವಿರಾಮ."